ಸೋರುವ ಮಾಳಿಗೆಗೆ ಟಾರ್ಪಾಲಿನ ಹೊದಿಕೆ

ರಾಶಿಯ ಕಾಲಕ್ಕೆಂದು ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ಮೇಲೆ ಕೊಡತಕ್ಕ ಟಾರ್ಪಾಲುಗಳು, ಮಳೆಗಾಲದಲ್ಲಿ, ಕಣಕ್ಕಿಂತ ಹೆಚ್ಚಾಗಿ ಮನೆಗಳ ಮಾಳಿಗೆಯ ಮೇಲೆಯೇ ಕಾಣಬರುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಸಂಚಾರ ಮಾಡುವವರೆಲ್ಲರಿಗೂ ಇದು ತಿಳಿದ ವಿಷಯವೇ ಆಗಿದೆ. ಕೊಟ್ಟ ವಸ್ತುವನ್ನು ಕೊಟ್ಟ ಕೆಲಸಕ್ಕೆ ಉಪಯೋಗಿಸಲಿಲ್ಲವೆಂದು ರೈತನನ್ನು ಆಕ್ಷೇಪಿಸುವುದು ಸುಲಭ. ಆದರೆ ಮಲಗುವ ಜಾಗದಲ್ಲಿ ಹನಿ ಬೀಳುತ್ತಿರುವಾಗ ಟಾರ್ಪಾಲನ್ನು ಮಡಿಸಿ ಅಟ್ಟದ ಮೇಲಿಟ್ಟು, ಕಾರ್ತಿಕದ ಶೇಂಗಾ ರಾಶಿಗಾಗಿ ಕಾಯ್ದಿಡಬೇಕೆಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಆಕ್ಷೇಪಣೆಯೆಲ್ಲವೂ ಅದನ್ನು ಹೊದಿಸುವ ಕ್ರಮದ ಮೇಲೆ. ನಾನು ಕಂಡ ಹೊದಿಕೆಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮನೆಗೆ ಉಪಕಾರಕ್ಕೆ ಬದಲಾಗಿ ಅಪಕಾರವನ್ನೇ ಮಾಡುತ್ತಿದ್ದುವು. ಮನೆ ಬಿದ್ದರೆ ಬೀಜದ ಕಾಳು, ಎತ್ತು, ಆಳು ಎಲ್ಲವೂ ಅದರ ಅಡಿಯಲ್ಲಿಯೇ ಇರುವುದರಿಂದ, ಬೇಸಾಯದ ಪತ್ರಿಕೆಯಲ್ಲಿ ಇದನ್ನು ಪ್ರಸ್ತಾಪಿಸುವುದು ಅಪ್ರಕೃತವೆಂದು ವಾಚಕರು ಭಾವಿಸಲಾರರೆಂದು ನಂಬಿದ್ದೇನೆ.

ನಮ್ಮ ಸೀಮೆಯ ಮಣ್ಣಿನ ಮಾಳಿಗೆಯು ಮಳೆ ಕಡಿಮೆಯಾದ ದೇಶಕ್ಕೆ ತಕ್ಕಂತೆ ಹಿರಿಯರು ಕಂಡುಕೊಂಡ ಉಪಾಯ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ದಬ್ಬೆ ಅಥವಾ ಹಲಗೆ, ಅದರ ಮೇಲೆ ಹುಲ್ಲೋ ಸೊಪ್ಪುಸದೆಯೋ, ಅದರ ಮೇಲೆ ತುಳಿದು ಗಟ್ಟಿಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಒಂದು ಪದರ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇಂಥ ಮನೆಯೊಳಗೆ ಕಾಲಿಟ್ಟವರಿಗೆ ಅದರ ಗುಣವನ್ನು ಬೇರೆ ಹೇಳಬೇಕಾದದ್ದಿಲ್ಲ. ತಗಡಿನ ಮನೆ ಕಟ್ಟಿದವರು ಮಧ್ಯಾಹ್ನ ಹೊತ್ತು ಮಲಗಲು ನೆರೆಯ ಮಾಳಿಗೆ ಮನೆಗೆ ಬರುವುದನ್ನು ನಾನು ಬಲ್ಲೆನು.

ಕರಲು ಮಣ್ಣಿನ ವಿಷಯದಲ್ಲಿ ಒಂದು ವಿಚಿತ್ರವುಂಟು. ಹೊಲದಲ್ಲಿ ಕರಲು ಕಾಣಿಸಿಕೊಂಡರೆ ರೈತನು ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ. ಅಂಥ ಮಣ್ಣಿನಲ್ಲಿ ಸೋಡಿಯಂ ಅಂಶವು ಹೆಚ್ಚಾಗಿರುವುದರಿಂದ, ನೀರು ತಗುಲಿದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯುವುದಿಲ್ಲ, ಬೇರಿಗೆ ಗಾಳಿ ಸಿಕ್ಕುವುದಿಲ್ಲ. ಜಿಪ್ಸಂ ಹಾಕಿ ನಾವು ಹೊಲದಲ್ಲಿ ಯಾವ ದೋಷವನ್ನು ಕಳೆಯಲು ಹೆಣಗುತ್ತೇವೆಯೋ ಅದೇ ದೋಷವು ಮಾಳಿಗೆಯ ಮೇಲೆ ಗುಣವಾಗಿ ಪರಿಣಮಿಸುತ್ತದೆ. ರಸಾಯನಶಾಸ್ತ್ರದ ಹೆಸರನ್ನೂ ಕೇಳದ ನಮ್ಮ ಹಿರಿಯರು ಇದನ್ನು ಕಂಡುಹಿಡಿದು, ಹಾಳು ಭೂಮಿಯ ಮಣ್ಣನ್ನೇ ತಂದು ಮನೆಯ ನೆತ್ತಿಗೆ ಹಾಕಿದರು.

ಆದರೆ ಈ ಮಾಳಿಗೆಯು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ, ಅದೂ ಬಿಟ್ಟುಬಿಟ್ಟು ಬರುವ ಮಳೆಗೆ ಕಟ್ಟಿದ್ದು. ಒಂದು ಹದ ಮಳೆ ಬಂದು ನಾಲ್ಕು ದಿನ ಬಿಸಿಲು ಕಾದರೆ ಅದಕ್ಕೆ ಯಾವ ತೊಂದರೆಯೂ ಇಲ್ಲ. ಒಂದು ವಾರ ಎಡೆಬಿಡದೆ ಹಿಡಿದರೆ ಅದರ ಶಕ್ತಿ ಮುಗಿಯಿತು. ಹಿರಿಯೂರಿನ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರ್ಷ ಕೋಡಿ ಬೀಳದೆ, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದುದು ವಾಚಕರ ನೆನಪಿನಲ್ಲಿರಬಹುದು. ಕೆರೆಕಟ್ಟೆಗಳು ತುಂಬಿದುವೆಂದು ಜನರು ಬಾಗಿನ ಬಿಟ್ಟು ಹಿಗ್ಗಿದ ಆ ವರ್ಷವೇ ಹಳೆಯ ಮಾಳಿಗೆಗಳ ಹೊಟ್ಟೆಯೊಳಕ್ಕೆ ನೀರಿಳಿದು, ಒಳಗಿನ ಸೊಪ್ಪುಸದೆ ಕೊಳೆತು, ಜಂತೆಯ ತುದಿಗಳು ಮೆತ್ತಗಾದುವು. ಈಗ ಚಿಕ್ಕ ಮಳೆಗೂ ಸೋರುವ ಎಷ್ಟೋ ಮನೆಗಳ ರೋಗದ ಮೂಲವು ಅಂಥ ಅತಿವೃಷ್ಟಿಯ ವರ್ಷಗಳಲ್ಲಿದೆ.

ಬೇಸಗೆಯಲ್ಲಿ ಬಿರುಕು ಬಿಟ್ಟ ಮಾಳಿಗೆಯು ಮೊದಲ ಮಳೆಗೆ ಅಷ್ಟಿಷ್ಟು ಸೋರುವುದು ಸಹಜ. ಮಣ್ಣು ನೆನೆದು ಉಬ್ಬಿದೊಡನೆ ಬಿರುಕು ತಾನಾಗಿ ಕೂಡಿಕೊಳ್ಳುತ್ತದೆ. ಇದಕ್ಕೆ ಗಾಬರಿಪಡಬೇಕಾದದ್ದಿಲ್ಲ. ಎರಡನೆಯ, ಮೂರನೆಯ ಮಳೆಗೂ ಸೋರಿದರೆ ಮಾತ್ರ ಹೊದಿಕೆಯ ಯೋಚನೆ ಮಾಡತಕ್ಕದ್ದು. ಹೊದಿಸುವುದಕ್ಕೆ ಮುಂಚೆ ಎಲ್ಲಿ ಸೋರುತ್ತಿದೆಯೆಂಬುದನ್ನು ನೋಡಿಕೊಳ್ಳಬೇಕು. ನೀರು ಹೊರಬೀಳುವ ದೋಣಿಯ ಬುಡ, ಗವಾಕ್ಷಿಯ ಸುತ್ತು, ಮಾಳಿಗೆಯು ಕುಂಬಿಗೋಡೆಯನ್ನು ಕೂಡುವ ಅಂಚು, ಹುಲ್ಲು ಬೆಳೆದ ಜಾಗ, ಇಲಿ ಹೆಗ್ಗಣಗಳು ತೋಡಿದ ಬಿಲ, ಇವಿಷ್ಟೇ ಸಾಮಾನ್ಯವಾಗಿ ಸೋರುವ ಸ್ಥಳಗಳು. ದೋಣಿಯ ಬಾಯಿಗೆ ಕಸ ಕಟ್ಟಿಕೊಂಡು ಮಾಳಿಗೆಯ ಮೇಲೆ ನೀರು ನಿಂತು ಸೋರುತ್ತಿದ್ದ ಮನೆಗಳು ಒಂದೆರಡಲ್ಲ. ಅಂಥ ಕಡೆ ಟಾರ್ಪಾಲು ಬೇಕಿಲ್ಲ, ಒಂದು ಕೋಲು ಸಾಕು.

ಈಗ ಅತ್ಯಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಸೋರಿದ ಕಡೆಗೆ ಇನ್ನೆರಡು ಬುಟ್ಟಿ ಮಣ್ಣು ಹಾಕಿ ತುಳಿಯುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಅಭ್ಯಾಸ. ಹಾಕಿದವರು ಅದರ ಭಾರವನ್ನು ಲೆಕ್ಕ ಹಾಕುವುದಿಲ್ಲ. ಒಂದು ಘನ ಅಡಿ ಒಣಮಣ್ಣು ಸುಮಾರು 45 ಕಿಲೋಗ್ರಾಂ ತೂಗುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ಒಂದು ಅಂಕಣದ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದರ ತೂಕ 5,400 ಕಿಲೋಗ್ರಾಂ, ಎಂದರೆ 54 ಕ್ವಿಂಟಲ್. ಆ ಮಣ್ಣು ತನ್ನ ತೂಕದ ನೂರಕ್ಕೆ 15 ಪಾಲು ನೀರನ್ನು ಹೀರಿದರೆ ಇನ್ನೂ 8 ಕ್ವಿಂಟಲ್ ಸೇರಿತು. ಅದರ ಮೇಲೆ ಎರಡೇ ಅಂಗುಲ ಹೊಸ ಮಣ್ಣು ಹರಡಿದರೆ ಮತ್ತೆ 9 ಕ್ವಿಂಟಲ್. ಹೀಗೆ ವರ್ಷವರ್ಷವೂ ಹಾಕುತ್ತ ಬಂದು ಒಂದೂವರೆ ಅಡಿ, ಎರಡು ಅಡಿ ದಪ್ಪವಾಗಿರುವ ಮಾಳಿಗೆಗಳನ್ನು ನಾನು ಅಳೆದು ನೋಡಿದ್ದೇನೆ. ಅಜ್ಜನು ಒಂದು ಅಡಿಗೆಂದು ಇಟ್ಟ ತೊಲೆ, ಮೊಮ್ಮಗನ ಕಾಲಕ್ಕೆ ಗೆದ್ದಲು ತಿಂದು ಅರ್ಧವಾಗಿ, ಎರಡು ಪಟ್ಟು ಭಾರವನ್ನು ಹೊತ್ತುಕೊಂಡಿರುತ್ತದೆ.

ಈ ಲೆಕ್ಕವನ್ನು ಪುಸ್ತಕದಿಂದ ಕಲಿತಿದ್ದ ನಾನೇ ಒಂದು ಸಲ ಮೋಸಹೋದೆನು. ಹೊಸದುರ್ಗ ತಾಲ್ಲೂಕಿನ ಒಂದು ಗ್ರಾಮದಲ್ಲಿ ಹಸ್ತದ ಮಳೆ ಬಿಡುವು ಕೊಟ್ಟಿದ್ದಾಗ ಬೆಳೆ ನೋಡಲು ಹೋಗಿದ್ದೆನು. ಒಬ್ಬ ಕೂಲಿಯ ಮುದುಕನ ಮನೆಯ ಮಾಳಿಗೆ ಸೋರುತ್ತಿದ್ದುದರಿಂದ ಅವನ ಜಮೀನಿನ ಒಡೆಯರು ದಯವಿಟ್ಟು ಒಂದು ಟ್ರ್ಯಾಕ್ಟರ್ ಕರಲು ಮಣ್ಣು ಹೊಡೆಸಿ, ಅದರ ಮೇಲೆ ತಮ್ಮದೇ ಟಾರ್ಪಾಲನ್ನು ಹಾಸಿಸಿ, ಸುತ್ತಲೂ ಸೈಜುಗಲ್ಲು ಹೇರಿಸಿದ್ದರು. ಒಳಗೆ ಹೋಗಿ ನೋಡಿದೆನು. ನೆಲ ಒಣಗಿತ್ತು. "ಈಗ ಹನಿ ನಿಂತದೆ ಸ್ವಾಮಿ, ಗೌಡ್ರು ಪುಣ್ಯ ಕಟ್ಕೊಂಡ್ರು" ಎಂದು ಮುದುಕನು ಹೇಳಿದನು. ಒಡೆಯರ ಔದಾರ್ಯವನ್ನು ನಾನೂ ಹೊಗಳಿ ಹೊರಟುಬಂದೆನು. ಎಂಟು ದಿನಗಳ ತರುವಾಯ ಚಿತ್ತೆಯ ಮಳೆಯಲ್ಲಿ, ಬೆಳಗಿನ ಜಾವ, ನಡುಮನೆಯ ತೊಲೆ ಮುರಿದು ಮಾಳಿಗೆ ಕುಳಿತುಬಿಟ್ಟಿತು. ರಾತ್ರಿಯೆಲ್ಲ ತೊಲೆ ಲಟಕು ಲಟಕೆನ್ನುತ್ತಿದ್ದುದನ್ನು ಕೇಳಿ ಹೆದರಿದ ಮುದುಕಿಯು ಎಲ್ಲರನ್ನೂ ಎಬ್ಬಿಸಿ ಹೊರಜಗುಲಿಗೆ ಕರೆದುತಂದಿದ್ದಳು. ಒಳಗೆ ಕಟ್ಟಿದ್ದ ಒಂದು ಎತ್ತು ಮಾತ್ರ ಸತ್ತಿತು. ನಾನು ಹೋಗಿದ್ದ ದಿನ ನೆಲವನ್ನು ನೋಡಿದೆನೇ ಹೊರತು ತಲೆಯೆತ್ತಿ ತೊಲೆಯ ತುದಿಯನ್ನು ನೋಡಲಿಲ್ಲ. ನೋಡಿದ್ದರೆ, ಗೋಡೆಯೊಳಗೆ ಹೋಗುವ ಕಡೆ ಅದು ಕಪ್ಪಗಾಗಿ, ಅದರ ಕೆಳಗೆ ಮಣ್ಣಿನ ಹುಡಿ ಉದುರಿದ್ದುದು ಕಾಣಬಹುದಾಗಿತ್ತು.

ಆದಕಾರಣ ಹೊದಿಕೆಯ ಕೆಲಸವು ಮಾಳಿಗೆಯ ಮೇಲಿನಿಂದ ಪ್ರಾರಂಭವಾಗಕೂಡದು, ಮನೆಯೊಳಗಿನಿಂದ ಪ್ರಾರಂಭವಾಗಬೇಕು. ಒಂದು ದೀಪವನ್ನೋ ಟಾರ್ಚನ್ನೋ ಹಿಡಿದು ಪ್ರತಿಯೊಂದು ತೊಲೆಯ ಎರಡು ತುದಿಗಳನ್ನೂ ನೋಡತಕ್ಕದ್ದು. ಮೊಳೆಯಿಂದ ಚುಚ್ಚಿದರೆ ಸುಲಭವಾಗಿ ಇಳಿಯುವುದು, ತೊಲೆ ನಡುವೆ ಬಾಗಿರುವುದು, ಹೊಸದಾಗಿ ಸೀಳು ಬಿಟ್ಟಿರುವುದು, ಮೊನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಬಿಗಿಯಾಗಿರುವುದು, ಗೋಡೆ ಹೊಟ್ಟೆ ಬಿಟ್ಟಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಆ ಮನೆಗೆ ಟಾರ್ಪಾಲು ಪರಿಹಾರವಲ್ಲ. ಜನರನ್ನೂ ದನಗಳನ್ನೂ ಅದೇ ದಿನ ಹೊರಕ್ಕೆ ಕರೆದುತರಬೇಕು. ತೊಲೆ ಅಷ್ಟಾಗಿ ಕೆಟ್ಟಿಲ್ಲದೆ, ಅನುಮಾನ ಮಾತ್ರವಿದ್ದರೆ, ನೆಲದ ಮೇಲೆ ಚಪ್ಪಡಿ ಇಟ್ಟು, ತೊಲೆಗೆ ಹಲಗೆ ಕೊಟ್ಟು, ನಡುವೆ ಗಟ್ಟಿಯಾದ ಊರೆಗಂಬವನ್ನು ನಿಲ್ಲಿಸಿದ ಮೇಲೆಯೇ ಮಾಳಿಗೆ ಹತ್ತತಕ್ಕದ್ದು. ಹತ್ತುವಾಗಲೂ ಒಬ್ಬರೋ ಇಬ್ಬರೋ ಹತ್ತಿ, ಗೋಡೆಯ ನೇರದಲ್ಲಿ ಓಡಾಡಬೇಕು. ಊರಿನ ಹುಡುಗರೆಲ್ಲ ಸಹಾಯಕ್ಕೆಂದು ಏರುವುದು ಬೇಡ.

ಇನ್ನು ಹೊದಿಸುವ ಕ್ರಮ. ಮಳೆಯಲ್ಲಿ ಕುರಿ ಕಾಯುವವನು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ. ಅದೇ ಕಂಬಳಿಯನ್ನು ನಾಲ್ಕು ಗೂಟಕ್ಕೆ ಚಪ್ಪಟೆಯಾಗಿ ಕಟ್ಟಿ ಅದರ ಅಡಿಯಲ್ಲಿ ಕುಳಿತರೆ ಗಳಿಗೆಯೊಳಗಾಗಿ ನೆನೆಯುತ್ತಾನೆ. ಕೊಪ್ಪೆಯಲ್ಲಿ ನೀರನ್ನು ತಡೆಯುವುದು ಉಣ್ಣೆಗಿಂತಲೂ ಹೆಚ್ಚಾಗಿ ಅದರ ಇಳಿಜಾರು. ಟಾರ್ಪಾಲಿಗೂ ಇದೇ ನ್ಯಾಯ. ಪ್ಲಾಸ್ಟಿಕ್ಕಿನ ಹಾಳೆಯ ಮೂಲಕ ನೀರು ಇಳಿಯದೆಂಬುದು ನಿಜವೇ. ಆದರೆ ಸೂಜಿಮೊನೆಯಷ್ಟು ತೂತಿದ್ದರೂ ನಿಂತ ನೀರು ಅದರಲ್ಲಿ ಇಳಿಯುತ್ತದೆ, ಹರಿಯುವ ನೀರು ಅದನ್ನು ದಾಟಿಹೋಗುತ್ತದೆ. ನಿಂತ ನೀರಿಗೆ ಭಾರವೂ ಉಂಟು. 4 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ಆಳದ ಒಂದು ಹೊಂಡದಲ್ಲಿ 113 ಕಿಲೋಗ್ರಾಂ ನೀರು ನಿಲ್ಲುತ್ತದೆ.

ನಾನು ಪದೇ ಪದೇ ಕಾಣುವ ತಪ್ಪೆಂದರೆ, ಕುಂಬಿಗೋಡೆಯ ಒಳಮಗ್ಗುಲಿಗೆ ಸರಿಯಾಗಿ ಟಾರ್ಪಾಲನ್ನು ಹಾಸಿ, ಅಂಚಿಗೆ ಕಲ್ಲು ಹೇರಿ ಇಳಿದುಬರುವುದು. ಇದರಿಂದ ದೋಣಿಯ ಬಾಯಿ ಮುಚ್ಚಿಹೋಗುತ್ತದೆ; ಮಾಳಿಗೆಯೇ ಒಂದು ತೊಟ್ಟಿಯಾಗುತ್ತದೆ. ಹಾಗಲ್ಲದೆ, ಮಾಳಿಗೆಯ ಉದ್ದಕ್ಕೂ ನಡುವೆ ಒಂದು ಗಳುವನ್ನು ಎರಡೂವರೆ ಅಡಿ ಎತ್ತರದಲ್ಲಿ ಕವೆಗೋಲುಗಳ ಮೇಲೆ ನಿಲ್ಲಿಸಬೇಕು. ಹೊಳಲ್ಕೆರೆ, ಹೊಸದುರ್ಗಗಳ ತೋಟದ ಸೀಮೆಯಲ್ಲಿ ಅಡಿಕೆ ದಬ್ಬೆಯೂ, ಹಿರಿಯೂರಿನ ಕಡೆ ಸರ್ವೆ ಅಥವಾ ನೀಲಗಿರಿಯ ಗಳುವೂ ಈ ಕೆಲಸಕ್ಕೆ ಒದಗುತ್ತವೆ. ಕವೆಗೋಲಿನ ಬುಡಕ್ಕೆ ಅಗಲವಾದ ಹಲಗೆಯ ತುಂಡನ್ನಿಟ್ಟು, ಸಾಧ್ಯವಾದ ಮಟ್ಟಿಗೂ ಅದು ಗೋಡೆಯ ನೆತ್ತಿಯ ಮೇಲೆ ಅಥವಾ ತೊಲೆಯ ನೇರಕ್ಕೆ ಬರುವಂತೆ ನೋಡಿಕೊಳ್ಳತಕ್ಕದ್ದು. ಮಣ್ಣನ್ನು ತೋಡಿ ಹೂಳಲೇಕೂಡದು. 20 ಅಡಿ ಅಗಲದ ಮನೆಗೆ ನಡುವೆ ಎರಡೂವರೆ ಅಡಿ ಎತ್ತರ ಕೊಟ್ಟರೆ ಪ್ರತಿ ನಾಲ್ಕು ಅಡಿಗೆ ಒಂದು ಅಡಿಯಂತೆ ಇಳಿಜಾರು ದೊರೆಯುತ್ತದೆ. ಇದು ಸಾಕು. ಇದಕ್ಕಿಂತ ಎತ್ತರಿಸಿದರೆ ನೀರಿಗೆ ಅನುಕೂಲ, ಗಾಳಿಗೆ ಮಾತ್ರ ಇನ್ನೂ ಅನುಕೂಲ. ಗಳುಗಳನ್ನು ಎತ್ತುವಾಗ ಮನೆಗೆ ಬರುವ ವಿದ್ಯುತ್ ತಂತಿಯ ಕಡೆ ಗಮನವಿರಲಿ.

ಟಾರ್ಪಾಲಿನ ಅಂಚುಗಳು ಕುಂಬಿಗೋಡೆಯನ್ನು ದಾಟಿ, ಹೊರಗೋಡೆಯಿಂದ ಕನಿಷ್ಠ ಒಂದೂವರೆ ಅಡಿ ಆಚೆಗೆ ಚಾಚಿರಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 30 ಅಡಿ ಉದ್ದ, 20 ಅಡಿ ಅಗಲದ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 1,400 ಲೀಟರಿಗೂ ಮೇಲ್ಪಟ್ಟು ನೀರು ಇಳಿಯುತ್ತದೆ. ಹೊದಿಕೆ ಇಲ್ಲದಾಗ ಅದೆಲ್ಲ ದೋಣಿಯ ಮೂಲಕ ಒಂದೆರಡು ಕಡೆ ಮಾತ್ರ ಬೀಳುತ್ತಿತ್ತು. ಹೊದಿಕೆ ಹಾಕಿದ ಮೇಲೆ ಗೋಡೆಯ ಉದ್ದಕ್ಕೂ ಬೀಳುತ್ತದೆ. ಹಸಿ ಇಟ್ಟಿಗೆಯ ಅಥವಾ ಮಣ್ಣಿನ ಗೋಡೆಯಾದರೆ ಅದರ ಬುಡ ಕರಗಿ, ತಲೆಯನ್ನು ಉಳಿಸಹೋಗಿ ಕಾಲನ್ನು ಕಳೆದುಕೊಂಡಂತಾಗುತ್ತದೆ. ಚಾಚು ಬಿಟ್ಟ ಮೇಲೂ ನೀರು ಬೀಳುವ ನೇರಕ್ಕೆ ಒಂದು ಗುದ್ದಲಿ ಅಗಲದ ಕಾಲುವೆ ತೆಗೆದು ಬೀದಿಯ ಚರಂಡಿಗೆ ಕೂಡಿಸಬೇಕು. ನೆರೆಯವರ ಗೋಡೆಗೆ ನೀರು ತಿರುಗದಂತೆ ನೋಡಿಕೊಳ್ಳುವುದು ಧರ್ಮ ಮಾತ್ರವಲ್ಲ, ಪಂಚಾಯಿತಿಯ ವ್ಯಾಜ್ಯವನ್ನೂ ತಪ್ಪಿಸುತ್ತದೆ.

ಟಾರ್ಪಾಲನ್ನು ಬಿಗಿಯುವ ವಿಷಯದಲ್ಲಿ ನಮ್ಮ ಜಿಲ್ಲೆಗೆ ವಿಶೇಷ ಎಚ್ಚರಿಕೆ ಬೇಕು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದ ಪಡುವಣ ಗಾಳಿ ಬೀಸತೊಡಗಿದರೆ ಸಡಿಲವಾದ ಟಾರ್ಪಾಲು ಒಂದೇ ರಾತ್ರಿಯಲ್ಲಿ ಚಿಂದಿಯಾಗುತ್ತದೆ. ಹರಿಯುವುದು ಜಗ್ಗಾಟದಿಂದಲ್ಲ, ಪಟಪಟನೆ ಬಡಿದುಕೊಳ್ಳುವುದರಿಂದ. ಆದ್ದರಿಂದ ತಮಟೆಯ ಚರ್ಮದಂತೆ ಬಿಗಿಯಾಗಿರಬೇಕು. ಮೇಲೆ ಕಲ್ಲು ಹೇರುವುದರಿಂದ ಪ್ರಯೋಜನ ಕಡಿಮೆ. ಕಲ್ಲು ಉಜ್ಜಿ ತೂತು ಮಾಡುತ್ತದೆ, ಕಲ್ಲಿನ ಮೇಲುಮಗ್ಗುಲಲ್ಲಿ ನೀರು ನಿಲ್ಲುತ್ತದೆ, ಗಾಳಿಗೆ ಉರುಳಿದರೆ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ. ಅದಕ್ಕೆ ಬದಲಾಗಿ ಮರಳು ತುಂಬಿದ ಚೀಲಗಳನ್ನು ಜೋಡಿಜೋಡಿಯಾಗಿ ಹಗ್ಗಕ್ಕೆ ಕಟ್ಟಿ, ಹಗ್ಗವು ನೆತ್ತಿಯ ಮೇಲೆ ಹಾಯ್ದು, ಚೀಲಗಳು ಎರಡೂ ಮಗ್ಗುಲಿಗೆ ಗೋಡೆಯ ಹೊರಗೆ ತೂಗುವಂತೆ ಬಿಡಬೇಕು. ಎತ್ತಿನ ಮೇಲೆ ಹೇರು ಹಾಕಿದಂತೆ ಎಂದರೆ ಹಳಬರಿಗೆ ಬೇಗನೆ ಅರ್ಥವಾಗುತ್ತದೆ. ತೆಂಗಿನ ನಾರಿನ ಹಗ್ಗ ಈ ಕೆಲಸಕ್ಕೆ ಒಳ್ಳೆಯದು. ಪ್ಲಾಸ್ಟಿಕ್ ಹಗ್ಗವು ಬಿಸಿಲಿಗೆ ಸವೆದು ಹೇಳದೆ ಕೇಳದೆ ಕಿತ್ತುಹೋಗುತ್ತದೆ. ಅಂಚಿನ ಕಣ್ಣುಗಳು ಕಿತ್ತುಹೋಗಿದ್ದರೆ ಹೊಸ ತೂತು ಹೊಡೆಯಬಾರದು. ನಿಂಬೆಹಣ್ಣಿನ ಗಾತ್ರದ ಒಂದು ಗುಂಡುಕಲ್ಲನ್ನು ಟಾರ್ಪಾಲಿನ ಅಡಿಯಿಂದ ಒತ್ತಿ, ಮೇಲಿನಿಂದ ಅದರ ಕುತ್ತಿಗೆಗೆ ಹಗ್ಗ ಬಿಗಿದರೆ ಕಣ್ಣಿಗಿಂತಲೂ ಭದ್ರವಾದ ಹಿಡಿ ದೊರೆಯುತ್ತದೆ. ಎರಡು ಹಾಳೆಗಳನ್ನು ಕೂಡಿಸಬೇಕಾದರೆ ಹೆಂಚು ಹೊದಿಸಿದಂತೆ ಮೇಲಿನದು ಕೆಳಗಿನದರ ಮೇಲೆ ಒಂದೂವರೆ ಅಡಿ ಬರಬೇಕು. ಪಡುವಣ ದಿಕ್ಕಿನ ತುದಿಯು ಗಾಳಿಗೆ ಬಾಯಿ ತೆರೆದುಕೊಂಡಿರಕೂಡದು. ಅದನ್ನು ಕೆಳಕ್ಕೆ ಮಡಿಸಿ ಕಟ್ಟತಕ್ಕದ್ದು. ಹಸ್ತ, ಚಿತ್ತೆಗಳ ಹೊತ್ತಿಗೆ ಗಾಳಿ ಮೂಡಣಕ್ಕೆ ತಿರುಗುವುದರಿಂದ ಆಗ ಇನ್ನೊಂದು ತುದಿಯನ್ನೂ ನೋಡಿಕೊಳ್ಳಬೇಕು.

ಗವಾಕ್ಷಿಯ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಸೌದೆಯ ಒಲೆ ಉರಿಯುವ ಮನೆಯಲ್ಲಿ ಹೊಗೆ ಹೋಗಲು ಅದೊಂದೇ ದಾರಿ. ಟಾರ್ಪಾಲು ಅದರ ಮೇಲೆಯೇ ಬಿಗಿಯಾಗಿ ಬಿದ್ದಿದ್ದರೆ ಹೊಗೆ ಒಳಗೇ ಸುತ್ತಿ, ಮಕ್ಕಳು ಮುದುಕರು ಕೆಮ್ಮಿ ಬಳಲುತ್ತಾರೆ. ಬಾಗಿಲು ಹಾಕಿ ಕೆಂಡವಿಟ್ಟು ಮಲಗಿದರೆ ಪ್ರಾಣಕ್ಕೇ ಅಪಾಯ. ಒಲೆಯ ಕಿಡಿ ತಗುಲಿದರೆ ಹಾಳೆ ಕರಗಿ ಉರಿಯುತ್ತದೆ. ಮೇಲೆ ಹೇಳಿದಂತೆ ಗಳು ಎತ್ತಿ ಹೊದಿಸಿದಲ್ಲಿ ಮಾಳಿಗೆಗೂ ಹಾಳೆಗೂ ನಡುವೆ ಜಾಗವುಳಿದು, ಗಾಳಿ ಬೀಸದ ಮಗ್ಗುಲಿನಿಂದ ಹೊಗೆ ಹೊರಟುಹೋಗುತ್ತದೆ. ಆದರೂ ಹೊದಿಕೆ ಇರುವಷ್ಟು ದಿನ ಅಡಿಗೆಯನ್ನು ಹೊರಗಿನ ಚಪ್ಪರದಲ್ಲಿ ಮಾಡುವುದು ಮೇಲು.

ಹೊಳಲ್ಕೆರೆ ಮತ್ತು ಹೊಸದುರ್ಗದ ಅಡಿಕೆ ಸೀಮೆಯಲ್ಲಿ ಹೆಂಚಿನ ಮನೆಗಳು ಹೆಚ್ಚು. ಅಲ್ಲಿ ಇಳಿಜಾರು ಮೊದಲೇ ಇರುವುದರಿಂದ ಕೆಲಸ ಸುಲಭ. ಕೋತಿಗಳು ಒಡೆದ ಹೆಂಚು ಒಂದೆರಡಾದರೆ ಬದಲಾಯಿಸುವುದೇ ಸರಿ. ಹಾಳೆ ಹೊದಿಸಲೇಬೇಕಾದರೆ ಸೋರುವ ಜಾಗದ ಮೇಲೆ ಮಾತ್ರ ತೇಪೆಯಂತೆ ಹಾಕದೆ, ನೆತ್ತಿಯನ್ನು ದಾಟಿಸಿ ಆಚೆ ಮಗ್ಗುಲಿಗೂ ಇಳಿಬಿಡಬೇಕು. ಇಲ್ಲದಿದ್ದರೆ ಮೇಲಿನಿಂದ ಬಂದ ನೀರು ಹಾಳೆಯ ಅಡಿಗೇ ನುಗ್ಗುತ್ತದೆ. ತಗಡಿನ ಮನೆಗಳಲ್ಲಿ ಸೋರುವುದು ಮೊಳೆಯ ತೂತಿನಿಂದ; ಅದಕ್ಕೆ ಟಾರ್ಪಾಲು ಬೇಕಿಲ್ಲ, ಡಾಂಬರಿನ ತೇಪೆ ಸಾಕು.

ಯಾವ ಟಾರ್ಪಾಲು ಕೊಳ್ಳಬೇಕೆಂದು ಅನೇಕರು ಕೇಳುತ್ತಾರೆ. ಬಣ್ಣವನ್ನು ನೋಡಿ ಕೊಳ್ಳಬೇಡಿರಿ, ತಕ್ಕಡಿಯನ್ನು ನೋಡಿರಿ. ಚದರ ಮೀಟರಿಗೆ 250 ಗ್ರಾಂ ತೂಕದ್ದೆಂದು ಮಾರುವ 8 ಮೀಟರ್ ಉದ್ದ, 6 ಮೀಟರ್ ಅಗಲದ ಹಾಳೆಯು 12 ಕಿಲೋಗ್ರಾಂ ತೂಗಬೇಕು. ಎಂಟು ಒಂಬತ್ತು ಕಿಲೋ ತೂಗಿದರೆ ಅಂಗಡಿಯವನು ಹೇಳಿದ್ದು ಸುಳ್ಳು. ಇಷ್ಟು ಗಾತ್ರದ ಹಾಳೆ ಸರಿಸುಮಾರು 26 ಅಡಿ ಉದ್ದ, 20 ಅಡಿ ಅಗಲವಿರುವುದರಿಂದ, ನಡುವೆ ಎತ್ತರಿಸಿ ಎರಡು ಕಡೆಯೂ ಚಾಚು ಬಿಟ್ಟರೆ 16 ಅಡಿ ಅಗಲದ ಮನೆಗೆ ಮಾತ್ರ ಸಾಲುತ್ತದೆ. ಅದಕ್ಕೂ ಅಗಲವಾದ ಮನೆಗೆ ಎರಡು ಬೇಕು. ಸಾಲದ ಹಾಳೆಯನ್ನು ಎಳೆದು ಗೋಡೆಯ ಮೇಲಕ್ಕೇ ನಿಲ್ಲಿಸುವುದಕ್ಕಿಂತ ಅದನ್ನು ಒಂದು ಅಂಕಣಕ್ಕೆ ಸರಿಯಾಗಿ ಹೊದಿಸಿ, ಎಲ್ಲರೂ ಆ ಅಂಕಣದಲ್ಲಿ ಮಲಗುವುದು ಬುದ್ಧಿವಂತಿಕೆ.

ರಾಶಿಯ ಟಾರ್ಪಾಲನ್ನು ಮಾಳಿಗೆಗೆ ಹಾಕಿದವರು ಅದನ್ನು ಮತ್ತೆ ಕಣಕ್ಕೆ ತರುವ ಹೊತ್ತಿಗೆ ಅದು ಜರಡಿಯಾಗಿರುತ್ತದೆಂಬುದನ್ನು ಮರೆಯಬಾರದು. ಒಣಗಲು ಹರಡಿದ ಶೇಂಗಾದ ಮೇಲೆ ಸ್ವಾತಿಯ ಮಳೆ ಬಂದು ಜರಡಿ ಹಾಳೆಯ ಮೂಲಕ ಇಳಿದರೆ ಕಾಯಿಗೆ ಬೂಷ್ಟು ಹತ್ತುತ್ತದೆ. ಆ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ತೊಳೆದರೂ ಹುರಿದರೂ ಪೂರ್ತಿಯಾಗಿ ಹೋಗತಕ್ಕದ್ದಲ್ಲ. ಅಂಥ ಹಿಂಡಿ ತಿಂದ ದನಗಳಿಗೂ ಕೇಡು. ಸೋರುವ ಮನೆಯಲ್ಲಿ ಬೀಜದ ಕಾಯಿಯ ಚೀಲಗಳನ್ನು ಗೋಡೆಗೆ ಒರಗಿಸಿಟ್ಟರೂ ಇದೇ ಗತಿ. ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಈಚೆಗೆ ಇಡತಕ್ಕದ್ದು. ಅನುಕೂಲವಿದ್ದವರು ರಾಶಿಗೊಂದು, ಮಾಳಿಗೆಗೊಂದು ಎಂದು ಎರಡು ಟಾರ್ಪಾಲು ಇಟ್ಟುಕೊಳ್ಳುವುದೇ ಲೇಸು. ಈರುಳ್ಳಿಯ ರಾಶಿಯನ್ನಂತೂ ಟಾರ್ಪಾಲಿನಿಂದ ಸುತ್ತಲೂ ಮುಚ್ಚಲೇಬಾರದು. ಮಳೆಗಿಂತ ಮೊದಲು ಅದರದೇ ಬೆವರು ಅದನ್ನು ಕೊಳೆಸುತ್ತದೆ. ಈ ಮಾತನ್ನು ಹಿರಿಯೂರು ಸೀಮೆಯ ಬೆಳೆಗಾರರಿಗೆ ನಾನು ಹೇಳಿದರೆ ನಗುತ್ತಾರೆ, ಅವರಿಗೆ ಗೊತ್ತಿರುವುದೇ. ಆದರೂ ಪ್ರತಿವರ್ಷ ಒಬ್ಬರಾದರೂ ಮುಚ್ಚಿರುತ್ತಾರೆ.

ಟಾರ್ಪಾಲು ಹೊದಿಸಿದ ಮಾಳಿಗೆಗೆ ಇನ್ನೊಂದು ಕಷ್ಟವುಂಟು. ಮೇಲಿನ ನೀರು ಒಳಗೆ ಹೋಗದಿದ್ದಂತೆ ಒಳಗಿನ ತೇವವೂ ಹೊರಗೆ ಹೋಗಲಾರದು. ಹಾಳೆಯನ್ನು ಮಣ್ಣಿಗೆ ಅಂಟಿಸಿ ತಿಂಗಳುಗಟ್ಟಲೆ ಬಿಟ್ಟರೆ ನೆನೆದ ಮಣ್ಣು ನೆನೆದಂತೆಯೇ ಉಳಿದು, ಮರ ಕೊಳೆಯುತ್ತದೆ, ಗೆದ್ದಲಿಗೆ ಒಳ್ಳೆಯ ಆಶ್ರಯವಾಗುತ್ತದೆ. ಹನಿ ನಿಂತಿರುವುದರಿಂದ ಮನೆಯವರಿಗೆ ಇದು ತಿಳಿಯುವುದೇ ಇಲ್ಲ. ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದ ದಿನ ಬೆಳಿಗ್ಗೆ ಹಾಳೆಯನ್ನು ಒಂದು ಮಗ್ಗುಲಿಗೆ ಮಡಿಸಿ, ಸಂಜೆ ಮತ್ತೆ ಹೊದಿಸಬೇಕು. ಬೇಸರದ ಕೆಲಸವೆಂಬುದನ್ನು ಒಪ್ಪುತ್ತೇನೆ. ಹಗ್ಗಕ್ಕೆ ಜೀರುಗಂಟು ಹಾಕಿದ್ದರೆ ಇಬ್ಬರಿಗೆ ಸ್ವಲ್ಪ ಹೊತ್ತಿನ ಕೆಲಸ. ಮಳೆಗಾಲ ಮುಗಿದೊಡನೆ ಪೂರ್ತಿಯಾಗಿ ತೆಗೆದು, ತೊಳೆದು ಒಣಗಿಸಿ, ಇಲಿ ತಾಗದಂತೆ ನೆರಳಿನಲ್ಲಿ ನೇತುಹಾಕತಕ್ಕದ್ದು. ನಮ್ಮ ಬೇಸಗೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೇ ಬಿಟ್ಟ ಹಾಳೆಯು ಮುಂದಿನ ಆರಿದ್ರೆಯ ಹೊತ್ತಿಗೆ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯುತ್ತದೆ.

ಊರಿನ ಯಜಮಾನರೂ ಜಮೀನುದಾರರೂ ಆದ ವಾಚಕರಲ್ಲಿ ಒಂದು ವಿಜ್ಞಾಪನೆ. ತಮ್ಮ ಸ್ವಂತ ಮನೆಗಳಿಗೆ ಗಾರೆಯೋ ಕಾಂಕ್ರೀಟೋ ಬಿದ್ದಿರಬಹುದು. ತಮ್ಮ ಹೊಲದಲ್ಲಿ ಕಳೆ ತೆಗೆಯುವವರ, ತೋಟದಲ್ಲಿ ನೀರು ಕಟ್ಟುವವರ ಮನೆಗಳನ್ನು ರೋಹಿಣಿ ಮಳೆಗೆ ಮುಂಚೆ ಒಮ್ಮೆಯೂ, ಉತ್ತರೆ ಹುಟ್ಟುವ ಮೊದಲು ಒಮ್ಮೆಯೂ ಒಳಹೊಕ್ಕು ನೋಡಿಬರಬೇಕು. ಗಂಡಸರಿಲ್ಲದ ಮನೆಯವರು ಮಾಳಿಗೆ ಹತ್ತಲಾರರು, ಬಾಯಿಬಿಟ್ಟು ಕೇಳುವುದೂ ಇಲ್ಲ. ಊರಿಗೆ ಸಾಮಾನ್ಯವಾಗಿ ಮೂರು ನಾಲ್ಕು ದೊಡ್ಡ ಟಾರ್ಪಾಲು, ಹತ್ತಿಪ್ಪತ್ತು ಗಳು, ನಾಲ್ಕು ಊರೆಗಂಬಗಳನ್ನು ಪಂಚಾಯಿತಿಯಲ್ಲಿಯೋ ದೇವಸ್ಥಾನದ ಉಗ್ರಾಣದಲ್ಲಿಯೋ ಇಟ್ಟಿದ್ದರೆ, ರಾತ್ರಿಯ ಹೊತ್ತು ಯಾರ ಬಾಗಿಲನ್ನೂ ತಟ್ಟಬೇಕಾಗುವುದಿಲ್ಲ. ಬಿಡಬೇಕಾದ ಮನೆಯಿದ್ದರೆ ಶಾಲೆಯ ಅಥವಾ ಸಮುದಾಯ ಭವನದ ಬೀಗದ ಕೈ ಯಾರಲ್ಲಿದೆಯೆಂಬುದು ಮಳೆಗೆ ಮುಂಚೆಯೇ ಗೊತ್ತಿರಬೇಕು. ಗೋಡೆ ಅಥವಾ ಮಾಳಿಗೆ ಬಿದ್ದಲ್ಲಿ ಟಾರ್ಪಾಲು ಹೊದಿಸಿ ಗುರುತು ಮುಚ್ಚುವುದಕ್ಕೆ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆಸಿ, ಗ್ರಾಮ ಆಡಳಿತ ಅಧಿಕಾರಿಗೆ ಅದೇ ದಿನ ತಿಳಿಸತಕ್ಕದ್ದು. ತಡವಾದರೆ ಪರಿಹಾರದ ಅರ್ಜಿಗೆ ಆಧಾರವಿಲ್ಲದೆ ಹೋಗುತ್ತದೆ.

ಟಾರ್ಪಾಲು ಕೊಡುವುದು ಒಂದು ಮಳೆಗಾಲದ ವಾಯಿದೆ ಮಾತ್ರ. ಸಾಲದಂತೆ, ಅವಧಿಯೊಳಗೆ ತೀರಿಸಬೇಕು. ಮಾಳಿಗೆಯನ್ನು ಸರಿಪಡಿಸಲು ಮಾಘದಿಂದ ಚೈತ್ರದವರೆಗೆ ಒಳ್ಳೆಯ ಕಾಲ; ಕೂಲಿಯೂ ಸಿಕ್ಕುತ್ತದೆ, ಮಣ್ಣೂ ಒಣಗಿರುತ್ತದೆ. ಹಳೆಯ ಮೇಲುಮಣ್ಣನ್ನು ಕೆರೆದು ಮಂಕರಿಯಲ್ಲಿ ಎಣಿಸಿ ಕೆಳಗಿಳಿಸಿ, ಎಷ್ಟು ಮಂಕರಿ ಇಳಿಯಿತೋ ಅದಕ್ಕಿಂತ ಒಂದೂ ಹೆಚ್ಚಾಗದಂತೆ ಹೊಸದನ್ನು ಏರಿಸಬೇಕು. ಮಾಳಿಗೆ ಒಂದು ಅಡಿಗಿಂತ ದಪ್ಪವಾಗಿದ್ದರೆ ಇಳಿಸಿದ್ದಕ್ಕಿಂತ ಕಡಿಮೆ ಏರಿಸಬೇಕು. ಕೆಟ್ಟ ಜಂತೆಗಳನ್ನು ಆಗಲೇ ಬದಲಾಯಿಸಿ, ದೋಣಿಯ ಕಡೆಗೆ ವಾಟವನ್ನು ಸರಿಮಾಡಿಕೊಳ್ಳತಕ್ಕದ್ದು.

ತರುವ ಮಣ್ಣು ನಿಜವಾದ ಕರಲೇ ಅಲ್ಲವೇ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಿಡಿದಿಟ್ಟ ಮಳೆಯ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ, ಕಡಲೆಕಾಳಿನ ಗಾತ್ರದ ಒಣ ಹೆಂಟೆಯನ್ನು ಮೆಲ್ಲನೆ ಬಿಡಿರಿ, ಕಲಕಬೇಡಿರಿ. ಹೆಂಟೆಯು ಸುಮ್ಮನೆ ಒಡೆದು ತಳದಲ್ಲಿ ಕುಳಿತು ಮೇಲಿನ ನೀರು ತಿಳಿಯಾಗಿಯೇ ಉಳಿದರೆ ಆ ಮಣ್ಣು ಮಾಳಿಗೆಗೆ ಬಾರದು. ಹೆಂಟೆಯ ಸುತ್ತ ಹಾಲು ಬೆರೆತಂತೆ ಬಗ್ಗಡವೆದ್ದು, ಎರಡು ಗಂಟೆ ಕಳೆದರೂ ತಿಳಿಯಾಗದಿದ್ದರೆ ಅದೇ ಬೇಕಾದ ಮಣ್ಣು. ಕೊಳವೆಬಾವಿಯ ನೀರನ್ನು ಈ ಪರೀಕ್ಷೆಗೆ ಉಪಯೋಗಿಸಬಾರದು. ಅದರಲ್ಲಿ ಕರಗಿರುವ ಲವಣಗಳು ಬಗ್ಗಡವನ್ನು ಬೇಗನೆ ತಳಕ್ಕಿಳಿಸಿ, ಒಳ್ಳೆಯ ಕರಲನ್ನೂ ಕೆಟ್ಟದ್ದೆಂದು ತೋರಿಸುತ್ತವೆ.

ಮೇಲೆ ಹೇಳಿದ ಮುದುಕನ ಮನೆಗೆ ಈಗ ತಗಡು ಹಾಕಿದೆ. ಹಳೆಯ ಮಾಳಿಗೆಯಲ್ಲಿ ಉಳಿದ ಎರಡು ಒಳ್ಳೆಯ ತೊಲೆಗಳನ್ನು ದನದ ಕೊಟ್ಟಿಗೆಗೆ ಇಟ್ಟುಕೊಂಡು, ಅದರ ಮೇಲೆ ಒಂದೇ ಅಡಿ ಮಣ್ಣು ಹಾಕಿಸಿದ್ದಾನೆ. ಹೋದ ಬೇಸಗೆಯಲ್ಲಿ ನಾನು ಹೋದಾಗ ಮಧ್ಯಾಹ್ನದ ಹೊತ್ತು ದನಗಳು ಹೊರಗೆ ಮರದಡಿಯಲ್ಲಿದ್ದುವು, ಮುದುಕನು ಕೊಟ್ಟಿಗೆಯಲ್ಲಿ ಮಲಗಿದ್ದನು.